ಬಂಗುಡೆಗೆ ಉಪ್ಪೋ, ಮೆಣಸೋ?

ಮಂಗಳೂರಿನ ಕದ್ರಿಯ ಒಳರಸ್ತೆಯಲ್ಲಿ, ಮಹಡಿಯ ಮೇಲೆ, ಆರೇ ಮೇಜುಗಳ ಹೋಟೆಲೊಂದಿದೆ. ಜಪಾನಿನ ಊಟವೂ ಸಿಗುತ್ತದೆ, ಕೊರಿಯಾದ ಊಟವೂ ಸಿಗುತ್ತದೆ. ಎರಡೂ ದೇಶಗಳ ಮನೆಯೂಟದಲ್ಲಿ ಬಂಗುಡೆಯ ಹತ್ತಿರದ ಬಂಧುವಾದ ಮೀನಿದೆ. ಜಪಾನಿನಲ್ಲಿ ಅದು ಸಬಾ, ಕೊರಿಯಾದಲ್ಲಿ ಗೊಡುಂಗೊ. ಇವರು ಅದರ ಜಾಗದಲ್ಲಿ ನಮ್ಮ ಧಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಬಂಗುಡೆಯನ್ನೇ ಹಾಕುತ್ತಾರೆ. ಅಮ್ಮನೊಂದಿಗೆ ನಾಲ್ಕು ಬಾರಿ ಹೋಗಿ, ಪ್ರತಿ ಸಲವೂ ಎರಡನ್ನೂ ತರಿಸಿ, ಅಕ್ಕಪಕ್ಕ ಇಟ್ಟುಕೊಂಡು ತಿಂದೆ.

ಜಪಾನಿನ ಶಿಯೊಯಾಕಿಗೆ ಉಪ್ಪೊಂದೇ ಮಸಾಲೆ. ಸೀಳಿದ ಮೀನಿಗೆ ಉಪ್ಪು ಸವರಿ, ಬಿಟ್ಟ ನೀರನ್ನು ಒರೆಸಿ ಸುಡುತ್ತಾರೆ. ತಟ್ಟೆ ಬಂದಾಗ ಚರ್ಮ ಅಲ್ಲಲ್ಲಿ ಗುಳ್ಳೆಯೆದ್ದು ಕಪ್ಪಾಗಿತ್ತು, ಹೊಟ್ಟೆಯ ಭಾಗದಲ್ಲಿ ಕೊಬ್ಬು ಇನ್ನೂ ಚಿಟಿಚಿಟಿ ಎನ್ನುತ್ತಿತ್ತು. ಪಕ್ಕದಲ್ಲಿ ತುರಿದ ಮೂಲಂಗಿಯ ಸಣ್ಣ ಗುಪ್ಪೆ, ಅದರ ಮೇಲೆ ನಾಲ್ಕು ಹನಿ ಸೋಯಾ ಸಾಸ್. ಅಕ್ಟೋಬರಿನಲ್ಲಿ ತಿಂದ ಆ ಮೀನಿನ ಸಿಹಿ ಈಗಲೂ ನೆನಪಿದೆ. ಖಾರ ಅರೆದು ಹಚ್ಚಿದ ತವಾ ಫ್ರೈಯಲ್ಲಿ ಮೀನಿನ ಸ್ವಂತ ರುಚಿ ಇಷ್ಟು ಬಿಡಿಸಿಕೊಂಡು ಬರುವುದಿಲ್ಲ. ಆದರೆ ಅದೇ ತಟ್ಟೆ ಜುಲೈಯಲ್ಲಿ ನಿರಾಸೆ ಮಾಡಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಂಜುಗಡ್ಡೆಯಲ್ಲಿಟ್ಟ ಹಳೆಯ ಮೀನಿನ ಒಣಕಲುತನವನ್ನು ಮುಚ್ಚಲು ಉಪ್ಪಿಗೆ ಸಾಧ್ಯವಿಲ್ಲ.

ಮೀನನ್ನು ಖಾರದ ರಸದಲ್ಲಿ ಕುದಿಸಿ ಬತ್ತಿಸುವ ಕೊರಿಯಾದ ಜೊರಿಮ್ ಆ ದಿನ ಗೆದ್ದಿತು. ಪಾತ್ರೆಯ ತಳಕ್ಕೆ ದಪ್ಪ ಮೂಲಂಗಿ ಹೋಳು, ಮೇಲೆ ಮೀನು, ಸೋಯಾ, ಬೆಳ್ಳುಳ್ಳಿ, ಶುಂಠಿ, ಗೊಚುಗಾರು ಎಂಬ ಮೆಣಸಿನ ತರಿಪುಡಿ. ನಮ್ಮ ಬ್ಯಾಡಗಿಯಂತೆ ಅದರಲ್ಲೂ ಖಾರಕ್ಕಿಂತ ಬಣ್ಣ ಮುಂದು. ಅಮ್ಮ ರಸ ನೆಕ್ಕಿ ನೋಡಿ, "ಹುಳಿ ಒಂದು ಬಿಟ್ಟರೆ ಇದು ನಮ್ಮ ಪುಳಿಮುಂಚಿಯದೇ ದಾರಿ" ಎಂದರು. ಪುಳಿಮುಂಚಿ ಎಂದರೆ ಹುಳಿ, ಮೆಣಸು ಮುಂದಾಗಿರುವ ನಮ್ಮ ಕರಾವಳಿಯ ಮೀನುಸಾರು. ನನಗಂತೂ ಮೀನಿಗಿಂತ ರಸ ಹೀರಿ ಕಂದಾದ ಆ ಮೂಲಂಗಿಯೇ ಹೆಚ್ಚು ಹಿಡಿಸಿತು. ಜೊತೆಗೆ ಹುಳಿಬರಿಸಿದ ಎಲೆಕೋಸಿನ ಕಿಮ್ಚಿ, ಮೊಳಕೆಕಾಳು, ಪಾಲಕ್ ಪುಟ್ಟ ಬಟ್ಟಲುಗಳಲ್ಲಿ ಬರುತ್ತವೆ. ಮುಗಿದರೆ ಮತ್ತೆ ತುಂಬಿಸುತ್ತಾರೆ, ಅದಕ್ಕೆ ಬೇರೆ ಹಣವಿಲ್ಲ. ಜಪಾನಿನ ತಟ್ಟೆಯೊಂದಿಗೆ ಬರುವುದು ಹುದುಗಿಸಿದ ಸೋಯಾ ಹಿಟ್ಟಿನ ಮಿಸೊ ಸಾರು ಮಾತ್ರ.

ಅನ್ನ ಎರಡಕ್ಕೂ ಒಂದೇ, ಗಿಡ್ಡ ಅಕ್ಕಿಯ ಅಂಟನ್ನ. ಸುಟ್ಟ ಮೀನಿಗೆ ಅದು ಹೊಂದುತ್ತದೆ. ಜೊರಿಮ್‌ನ ರಸಕ್ಕೆ ಮಾತ್ರ ಕುಚ್ಚಲಕ್ಕಿಯೇ ಬೇಕಿತ್ತು ಎಂದು ನನ್ನ ನಾಲಗೆ ಹಟ ಹಿಡಿಯಿತು.

ಸಸ್ಯಾಹಾರಿ ಗೆಳೆಯರನ್ನು ಕರೆದೊಯ್ಯುವವರು ಮೊದಲೇ ಕೇಳಿಕೊಳ್ಳಬೇಕು. ಮಿಸೊ ಸಾರಿಗೆ ಬುನಾದಿಯಾದ ದಾಶಿ ಎಂಬ ತಿಳಿರಸಕ್ಕೆ ಸಾಮಾನ್ಯವಾಗಿ ಒಣಗಿಸಿದ ಟ್ಯೂನಾ ಜಾತಿಯ ಮೀನಿನ ಹೆರಕಲು ಬೀಳುತ್ತದೆ. ಬರೀ ಎಲೆಕೋಸಿನಂತೆ ಕಾಣುವ ಕಿಮ್ಚಿಯಲ್ಲೂ ಮೀನಿನ ರಸವೋ ಉಪ್ಪು ಸಿಗಡಿಯೋ ಇರುವುದೇ ಹೆಚ್ಚು.

ಶಿಯೊಯಾಕಿಗೆ 340 ರೂಪಾಯಿ, ಜೊರಿಮ್‌ಗೆ 390. ದೋಣಿಗಳು ಮರಳಿ ಕಡಲಿಗಿಳಿದು ಧಕ್ಕೆಯಲ್ಲಿ ಹೊಳೆಯುವ ಬಂಗುಡೆ ಬೀಳುವ ತಿಂಗಳುಗಳಲ್ಲಿ ನಾನು ಉಪ್ಪಿನ ಕಡೆಗೇ ಕೈ ಚಾಚುತ್ತೇನೆ. ಮಳೆಗಾಲದಲ್ಲಿ ಜೊರಿಮ್ ಹೇಳಿ, ಇನ್ನೆರಡು ಹೋಳು ಮೂಲಂಗಿ ಹೆಚ್ಚು ಹಾಕಿ ಎಂದು ಕೇಳುತ್ತೇನೆ. ಕೇಳಿದರೆ ಹಾಕುತ್ತಾರೆ.