ಬಾದಾಮಿ ಸೆಂಟು ಎರಡು, ಕುಂಬಳೆಯ ಸೆಕೆಗೆ ಯಾವುದು?

ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಸೆಂಟು ಇಲ್ಲದಿದ್ದರೆ ನಮ್ಮ ಕಾಸರಗೋಡು ಕಡೆ ಅದನ್ನು ಪೆಟ್ಟಿಗೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಸಲ ಅಣ್ಣ ದುಬೈಯಿಂದ ಎರಡು ತಂದ: ಡಿಯೋರ್‌ನ ಹಿಪ್ನಾಟಿಕ್ ಪಾಯ್ಸನ್, ಕೆರೊಲಿನಾ ಹೆರೆರಾದ ಗುಡ್ ಗರ್ಲ್. ಒಂದು ನನಗೆ, ಇನ್ನೊಂದು ಅತ್ತಿಗೆಗೆ. ಯಾವುದು ಯಾರಿಗೆ ಅಂತ ಅವನು ಹೇಳಲಿಲ್ಲ, ಜಾಣ.

ಎರಡೂ ಬಾದಾಮಿಯವೇ. ಆದರೆ ಬಾದಾಮಿ ಹಲ್ವದ ಪರಿಮಳ ಬರುತ್ತದೆ ಅಂದುಕೊಂಡು ಕೊಳ್ಳಬೇಡಿ. ಹಲ್ವದಲ್ಲಿ ಮೂಗಿಗೆ ಹತ್ತುವುದು ತುಪ್ಪ, ಏಲಕ್ಕಿ, ಕೇಸರಿ. ಸೆಂಟಿನವರ ಬಾದಾಮಿ ಅಂದರೆ ಕಹಿಬಾದಾಮಿ. ಬೆಂಜಾಲ್ಡಿಹೈಡ್ ಅನ್ನುವ ರಾಸಾಯನಿಕ ಅದರ ಪರಿಮಳದ ಮೂಲ. ಕೇಕಿಗೆ ಹಾಕುವ ಬಾದಾಮಿ ಎಸೆನ್ಸಿನಲ್ಲಿ ಇರುವುದೂ ಅದೇ. ಹಿಪ್ನಾಟಿಕ್ ಹಾಕಿಕೊಂಡು ಅಡುಗೆಮನೆಗೆ ಹೋದರೆ ಅಮ್ಮ, "ಬೇಕರಿಗೆ ಹೋಗಿ ಬಂದದ್ದಾ ನೀನು?" ಅಂದರು.

1998ರಲ್ಲಿ ಅನಿಕ್ ಮೆನಾರ್ಡೊ ಮಾಡಿದ ಸೆಂಟು ಇದು. ಶುರುವಿಗೆ ಬಾದಾಮಿಯ ಜೊತೆ ಶಾಹಿ ಜೀರಿಗೆಯ ಖಾರ ಸೇರಿ ಸ್ವಲ್ಪ ಔಷಧಿಯ ಹಾಗೆ ಹೊಡೆಯುತ್ತದೆ. ಆ ಗಳಿಗೆಯಲ್ಲಿ ತೀರ್ಪು ಕೊಡಬೇಡಿ. ತುಸು ಹೊತ್ತಿಗೆ ವೆನಿಲ್ಲಾ ಮೇಲೆ ಬಂದು, ಮಸ್ಕ್, ಅಂದರೆ ಕಸ್ತೂರಿಯ ಪರಿಮಳ, ಅಡಿಯಲ್ಲಿ ಕೂತು, ಮೈಗೆ ಹತ್ತಿರವಾಗುತ್ತದೆ. ಏಪ್ರಿಲಿನ ಬೆವರಿಗೆ ಕುತ್ತಿಗೆಗೆ ಹಾಕಿದರೆ ಭಾರ; ದುಪಟ್ಟಾದ ತುದಿಗೆ ಒಂದೇ ಸಲ ಒತ್ತಿದರೆ ಸಾಕು. ಮಳೆಗಾಲದ ಸಂಜೆಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ.

ಗುಡ್ ಗರ್ಲ್ 2016ರದ್ದು. ಮೊದಲು ಬಾದಾಮಿ, ಕಾಫಿ, ಬಹಳ ಚಂದ. ಆಮೇಲೆ ಸುಗಂಧರಾಜ ಬರುತ್ತದೆ ನೋಡಿ, ಮತ್ತೆ ಬೇರೆ ಯಾರ ಮಾತೂ ಕೇಳುವುದಿಲ್ಲ. ಟೊಂಕಾ ಅನ್ನುವ ಪರಿಮಳದ ಬೀಜ, ಕೊಕೊ ಎಲ್ಲ ಅದರ ಹಿಂದೆ. ಮದುವೆಗೆ ತಲೆತುಂಬ ಮಲ್ಲಿಗೆ ಮುಡಿದು ಇದನ್ನೂ ಹಾಕಿದರೆ ಹೂವಿನ ಮೇಲೆ ಹೂವು. ಊಟದ ಪಂಕ್ತಿಗೆ ಕೂರುವ ಹೊತ್ತಿಗೆ ನನಗಂತೂ ತಲೆ ಹಿಡಿಯಿತು. ಹಿಪ್ನಾಟಿಕ್‌ನಲ್ಲೂ ಮಲ್ಲಿಗೆ ಇದೆ, ಆದರೆ ಅದು ಮುಡಿದ ಹೂವಿನೊಡನೆ ಜಗಳಕ್ಕೆ ನಿಲ್ಲುವುದಿಲ್ಲ.

ಅತ್ತಿಗೆ ಇಷ್ಟೆಲ್ಲ ಕೇಳಲೇ ಇಲ್ಲ. ಹೈಹೀಲ್ಸ್ ಚಪ್ಪಲಿಯ ಆಕಾರದ ಬಾಟಲಿ ಕಂಡದ್ದೇ ಗುಡ್ ಗರ್ಲ್ ಎತ್ತಿಕೊಂಡರು. ಮಂಗಳೂರಿನಲ್ಲಿ ಎಸಿ ಆಫೀಸು, ಅಲ್ಲಿಗೆ ಸರಿಹೋಗುತ್ತದೆ. ನನಗೆ ಕೆಂಪು ಬಾಟಲಿ.

ದುಡ್ಡು ಕೊಟ್ಟು ಕೊಳ್ಳುವವರು ಮೊದಲು 30 ಎಂಎಲ್‌ನದ್ದು ನೋಡಿ. ಹಿಪ್ನಾಟಿಕ್ ಆದರೆ ಬಾಟಲಿಯ ಮೇಲಿನ ಹೆಸರನ್ನೂ ಓದಿ: ನಾನು ಹೇಳಿದ್ದು ಓ ದ ತ್ವಾಲೆಟ್, ಅಂದರೆ ಸ್ವಲ್ಪ ತೆಳು ಬಗೆ; ಅದೇ ಹೆಸರಿನ ಓ ದ ಪರ್ಫಮ್, ಅಂದರೆ ಗಾಢ ಬಗೆ, ಬೇರೆ.