ಅಪ್ಪಯ್ಯನ ಒಮೆಗಾ ವಾಚಿಗೆ ಬೆಲೆ ಕಟ್ಟಿಸಿದ್ದು

ಚಿಕ್ಕಪೇಟೆಯ ಹಳೇ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಕೂರುವ ವಾಚ್ ಮೌಲ್ಯಮಾಪಕರ ಬಗ್ಗೆ ಬರೆಯುತ್ತಿದ್ದೇನೆ. ಒಬ್ಬರೇ ಕೆಲಸ ಮಾಡುತ್ತಾರೆ, ದಿನಕ್ಕೆ ಎರಡು ಮೂರು ವಾಚಿಗಿಂತ ಹೆಚ್ಚು ನೋಡುವುದಿಲ್ಲ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಆದರೂ ಅವರು ಕೆಲಸ ಮಾಡಿದ ರೀತಿ ಬರೆದಿಟ್ಟರೆ, ನೀವು ಯಾವ ಊರಲ್ಲಿ ಯಾರ ಬಳಿ ಹೋದರೂ ಏನು ಕೇಳಬೇಕೆಂದು ಗೊತ್ತಿರುತ್ತದೆ.

ವಾಚು ಅಪ್ಪಯ್ಯನದು. ಕುಂದಾಪುರದಿಂದ ಕುವೈತಿಗೆ ಹೋಗಿ ಹಡಗು ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಅವರು 1968ರಲ್ಲಿ, ಅಕ್ಕನ ಮದುವೆ ಗೊತ್ತಾದ ವರ್ಷ, ಕೊಂಡದ್ದು. ಒಮೆಗಾ ಕಾನ್‌ಸ್ಟೆಲೇಷನ್, 18 ಕ್ಯಾರೆಟ್ ಚಿನ್ನದ್ದು. ಊರಿಗೆ ಬಂದ ಮೇಲೆ ಮದುವೆ, ಉಪನಯನಕ್ಕಷ್ಟೇ ಅದನ್ನು ಕಟ್ಟುತ್ತಿದ್ದರು. ಮಿಕ್ಕ ದಿನ ಕೈಯಲ್ಲಿ ಎಚ್‌ಎಂಟಿ.

ಮನೆಗೆ ವಿಮೆ ಮಾಡಿಸಲು ಹೊರಟಾಗ ಈ ವಾಚಿನ ಪ್ರಶ್ನೆ ಬಂತು. ನಾನು ಆರಿಸಿದ್ದು ಭಾರತ್ ಗೃಹ ರಕ್ಷಾ, 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಕೊಡುವ ಪಾಲಿಸಿ. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೆ ತಾನಾಗಿ ಸಿಗುತ್ತದೆ. ವಾಚೂ ಅದರಲ್ಲೇ ಸೇರಿತು ಅಂದುಕೊಂಡಿದ್ದೆ. ಸೇರುವುದಿಲ್ಲ. ಒಡವೆ, ಬೆಳ್ಳಿ, ಕಲಾಕೃತಿ, ಪುರಾತನ ವಸ್ತುಗಳಿಗೆ ಬೇರೆಯೇ ಐಚ್ಛಿಕ ರಕ್ಷಣೆ ಇದೆ, ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ಒಂದು ವಸ್ತುವಿನ ಬೆಲೆ 1 ಲಕ್ಷ ದಾಟಿದರೆ ಮೌಲ್ಯಮಾಪನ ಪ್ರಮಾಣಪತ್ರವನ್ನೂ ಕೊಡಬೇಕು.

ಮೊದಲು ಹೋದದ್ದು ನಮ್ಮ ಬಡಾವಣೆಯ ಚಿನ್ನದಂಗಡಿಗೆ. ಸರ್ಕಾರಿ ಮಾನ್ಯತೆಯ ಮೌಲ್ಯಮಾಪಕರು ಎಂಬ ಬೋರ್ಡು ಇತ್ತು. ವಾಚನ್ನು ತಕ್ಕಡಿಗಿಟ್ಟರು, ಒಳಗಿನ ಮಶೀನಿಗೆಂದು ಅಂದಾಜಿನ ತೂಕ ಕಳೆದರು, ಉಳಿದದ್ದನ್ನು ಆ ದಿನದ ಚಿನ್ನದ ದರದಿಂದ ಗುಣಿಸಿ ‘ಚಿನ್ನದ ಕೈಗಡಿಯಾರ, ಒಂದು’ ಎಂದು ಬರೆದುಕೊಟ್ಟರು. ಮಾಡೆಲ್ ಇಲ್ಲ, ನಂಬರ್ ಇಲ್ಲ. ನಾಳೆ ವಾಚು ಹೋದರೆ ಆ ಕಾಗದ ಯಾವ ಗಡಿಯಾರದ್ದು ಎಂದು ಯಾರು ಹೇಳಬೇಕು? ತುಂಬ ಬೇಸರವಾಯಿತು. ಅಪ್ಪಯ್ಯ ತಿಂಗಳುಗಟ್ಟಲೆ ಹಣ ಕೂಡಿಟ್ಟದ್ದು ಒಂದಷ್ಟು ಗ್ರಾಂ ಲೋಹಕ್ಕಲ್ಲ.

ಚಿಕ್ಕಪೇಟೆಯವರು ಫೋನಿನಲ್ಲೇ ಹೇಳಿದ ಮೊದಲ ಮಾತು: “ಪಾಲಿಶ್ ಮಾಡಿಸಬೇಡಿ, ಒರೆಸಲೂ ಬೇಡಿ, ಇದ್ದ ಹಾಗೇ ತನ್ನಿ.” ತಮ್ಮ ಅಷ್ಟರಲ್ಲಿ ಪಾಲಿಶ್‌ಗೆ ಕೊಡುವವನಿದ್ದ. ಪಾಲಿಶ್ ಮಾಡಿದಷ್ಟೂ ಕೇಸಿನ ಅಂಚುಗಳು ಸವೆದು ಉರುಟಾಗುತ್ತವೆ, ಹಳೇ ವಾಚಿನ ಬೆಲೆ ಅಲ್ಲೇ ಇಳಿಯುತ್ತದೆ ಎಂದು ಆಮೇಲೆ ತೋರಿಸಿ ವಿವರಿಸಿದರು.

ಕಿಟಕಿ ಪಕ್ಕದ ಮೇಜಿನ ಮೇಲೆ, ನನ್ನ ಕಣ್ಣೆದುರೇ ಹಿಂಬದಿಯ ಮುಚ್ಚಳ ತೆಗೆದರು. ಮುಚ್ಚಳದ ಹೊರಗೆ ವೀಕ್ಷಣಾಲಯದ ಗುಮ್ಮಟ, ಅದರ ಮೇಲೆ ಎಂಟು ನಕ್ಷತ್ರ. ಎಣಿಸಿ ತೋರಿಸಿದರು. ಒಳಗೆ 168.005 ಎಂಬ ಮಾಡೆಲ್ ಸಂಖ್ಯೆ, ಪಕ್ಕದಲ್ಲಿ ಹೆಲ್ವೆಷಿಯಾ ಎಂಬ ಹೆಣ್ಣಿನ ತಲೆಯ ಪುಟ್ಟ ಮುದ್ರೆ. 18 ಕ್ಯಾರೆಟ್ ಚಿನ್ನಕ್ಕೆ ಸ್ವಿಟ್ಜರ್ಲೆಂಡ್ ಒತ್ತುತ್ತಿದ್ದ ಗುರುತು ಅದು. ತಾಮ್ರದ ಬಣ್ಣಕ್ಕೆ ಹೊಳೆಯುವ ಮಶೀನಿನ ಮೇಲೆ 561 ಎಂಬ ಕ್ಯಾಲಿಬರ್, ಅಂದರೆ ಮಶೀನಿನ ಮಾದರಿ ಸಂಖ್ಯೆ, ಮತ್ತು 24ರಿಂದ ಶುರುವಾಗುವ ಎಂಟಂಕಿಯ ಸೀರಿಯಲ್. ಮಶೀನು ತಯಾರಾದದ್ದು 1966ರ ಆಸುಪಾಸಿನಲ್ಲಿ ಎಂದರು. ಅಪ್ಪಯ್ಯ ಕೊಂಡ ವರ್ಷಕ್ಕೆ ಸರಿಹೊಂದುತ್ತದೆ.

ಹೆಚ್ಚು ಹೊತ್ತು ನೋಡಿದ್ದು ಡಯಲನ್ನು. ನಮ್ಮ ದೇಶದಲ್ಲಿ ಹಳೇ ವಾಚುಗಳ ಡಯಲಿಗೆ ಹೊಸ ಬಣ್ಣ ಬಳಿದು ಅಕ್ಷರ ಬರೆಸುವುದು ಸಾಮಾನ್ಯ. ನೋಡಲು ಹೊಸದರಂತೆ ಕಾಣುತ್ತದೆ, ಬೆಲೆ ಮಾತ್ರ ಅರ್ಧಕ್ಕೂ ಇಳಿಯಬಹುದಂತೆ. ಮಗುಚಿಟ್ಟ ಬಾಣಲೆಯಂತೆ ಅಂಚು ಇಳಿಜಾರಾಗಿ, ಹನ್ನೆರಡು ಮೂಲೆಯಿರುವ ಈ ಡಯಲ್‌ನ ಕೆಳತುದಿಯಲ್ಲಿ ‘ಸ್ವಿಸ್ ಮೇಡ್’ ಪದಗಳ ಎರಡೂ ಬದಿಗೆ ‘ಓಎಂ’ ಎಂಬ ಕೂದಲೆಳೆಯಷ್ಟು ಸಣ್ಣ ಅಕ್ಷರ ಇವೆ. ಡಯಲ್ ಕೂಡ ಗಟ್ಟಿ ಚಿನ್ನದ್ದು ಎಂದು ಅದರ ಅರ್ಥ. ಲೂಪ್ ಎಂಬ ಪುಟ್ಟ ಭೂತಗನ್ನಡಿ ಕೈಗೆ ಕೊಟ್ಟು ನನಗೂ ತೋರಿಸಿದರು. ಐವತ್ತು ವರ್ಷ ನೋಡಿದ ವಾಚು, ಆ ಅಕ್ಷರ ಒಮ್ಮೆಯೂ ಕಂಡಿರಲಿಲ್ಲ. ಅಪ್ಪಯ್ಯನಿಗೆ ಗೊತ್ತಿತ್ತೋ ಏನೋ.

ಚಿನ್ನದಂಗಡಿಯವರು ಹೇಳಿದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಬಂತು ಬೆಲೆ. ಎರಡು ಅಂಕಿಗಳನ್ನು ಬೇರೆಬೇರೆ ಹೇಳಿದರು. ಇವತ್ತು ಮಾರಿದರೆ ಕೈಗೆ ಬರುವುದು ಒಂದು, ಇದೇ ಸ್ಥಿತಿಯ ಇಂಥದ್ದೇ ವಾಚನ್ನು ಅಂಗಡಿಯಿಂದ ಕೊಳ್ಳಲು ಬೇಕಾಗುವುದು ಇನ್ನೊಂದು. ವಿಮೆಗೆ ಎರಡನೆಯದು. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಬೀಳುವುದರಿಂದ ಅಲ್ಲಿನ ದರವನ್ನು ಹಾಗೇ ಇಲ್ಲಿಗೆ ಇಳಿಸಲಾಗದು ಎಂದೂ ಬರೆದರು. ಪಾಲಿಸಿಯಲ್ಲಿ ಇಂಥ ವಸ್ತುಗಳಿಗೆ ಮೊದಲೇ ಒಪ್ಪಿಕೊಂಡ ಮೌಲ್ಯ ಎಂಬ ಲೆಕ್ಕ, ಅಂದರೆ ವಸ್ತು ಹೋದರೆ ಆ ಮೊತ್ತವನ್ನೇ ಕೊಡುವ ಲೆಕ್ಕ, ಇರುವುದರಿಂದ ಈ ಅಂಕಿ ಸರಿಯಾಗಿರುವುದು ಮುಖ್ಯ.

ಶುಲ್ಕ 3,500 ರೂಪಾಯಿ. ಬೆಲೆ ಎಷ್ಟೇ ಬರಲಿ ಅಷ್ಟೇ, ಶೇಕಡಾ ಲೆಕ್ಕ ಇಲ್ಲ. ಇದು ನನಗೆ ಬಹಳ ಹಿಡಿಸಿತು. ವಾಚನ್ನು ತಮಗೇ ಮಾರಿ ಎಂದು ಒಮ್ಮೆಯೂ ಕೇಳಲಿಲ್ಲ. ನಾಲ್ಕು ಪುಟದ ವರದಿ, ಒಂಬತ್ತು ಫೋಟೊ, ಗಾಜಿನ ಗೀರನ್ನೂ ಬಿಟ್ಟಿಲ್ಲ.

ಕೊರತೆಯೂ ಉಂಟು. ಮೂರು ದಿನದಲ್ಲಿ ಕೊಡುತ್ತೇನೆಂದ ವರದಿಗೆ ಹನ್ನೊಂದು ದಿನ ಹಿಡಿಯಿತು. ಮೊದಲ ಪ್ರತಿಯಲ್ಲಿ ಸೀರಿಯಲ್‌ನ ಒಂದು ಅಂಕಿ ತಪ್ಪಿತ್ತು. ಫೋಟೊ ಜೊತೆ ಹೋಲಿಸಿ ನೋಡಿದ್ದರಿಂದ ಸಿಕ್ಕಿತು, ಅದೇ ಸಂಜೆ ತಿದ್ದಿ ಕೊಟ್ಟರು. ನೀವೂ ಅಂಕಿ ಅಂಕಿ ಓದಿ ನೋಡಿಯೇ ಸಹಿ ಮಾಡಿದ ಪ್ರತಿ ತೆಗೆದುಕೊಳ್ಳಿ. ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರಿಗೆ ಕಷ್ಟ.

ಇನ್ನೊಂದು ಉಪಕಾರ ಅವರಿಂದಾಯಿತು. “ಕಳ್ಳತನಕ್ಕೆ ಏನಿದೆ ಓದಿದ್ದೀರಾ?” ಎಂದು ಕೇಳಿದರು. ಪಾಲಿಸಿ ತೆಗೆದು ನೋಡಿದರೆ, ಬೆಂಕಿ, ಪ್ರವಾಹ, ಗಲಭೆಯಂಥ ಘಟನೆಯಿಂದಾಗಿ ಏಳು ದಿನದೊಳಗೆ ಆದ ಕಳ್ಳತನಕ್ಕೆ ಮಾತ್ರ ಪರಿಹಾರ. ಬೀಗ ಒಡೆದು ಕದ್ದೊಯ್ದರೆ ಏನೂ ಇಲ್ಲ! ಮರುದಿನವೇ ವಿಮೆಯವರಿಗೆ ಹೇಳಿ ಕನ್ನಗಳವಿನ ರಕ್ಷಣೆ ಬೇರೆಯಾಗಿ ಸೇರಿಸಿದೆ.

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ. ಡಯಲನ್ನು ಕಿಟಕಿ ಬೆಳಕಿನಲ್ಲೇ ನೋಡುತ್ತಾರೆ, ಮಧ್ಯಾಹ್ನದ ಮೇಲೆ ಎದುರಿನ ಕಟ್ಟಡದ ನೆರಳು ಬೀಳುತ್ತದೆ, ಆಗ ನಾಳೆ ಬನ್ನಿ ಎನ್ನುತ್ತಾರೆ.