ದಶಮಾಂಶಕ್ಕೆ ಯಾವುದು: ರೂಪಾಯಿ-ಪೈಸೆಯೋ, ಚೌಕದ ಹಾಳೆಯೋ, ಟೇಪೋ?

ಶಾಲೆ ಹುಬ್ಬಳ್ಳಿಯದಿರಲಿ, ಗದಗಿನದಿರಲಿ, ಮಕ್ಕಳಿಗೆ ದಶಮಾಂಶ ಕಲಿಸುವುದನ್ನು ರೂಪಾಯಿ-ಪೈಸೆಯಿಂದ ಶುರುಮಾಡಬೇಡಿ. 25 ಪೈಸೆವರೆಗಿನ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತಿದೆ. ಪೈಸೆಯನ್ನೇ ಕಾಣದ ಮಗು 2.5 ರೂಪಾಯಿಯನ್ನು ‘ಎರಡು ರೂಪಾಯಿ ಐದು ಪೈಸೆ’ ಎಂದು ಓದಿಬಿಡುತ್ತದೆ.

ಚೌಕದ ಹಾಳೆಯೇ ಮೇಲು. 10 ಸೆಂ.ಮೀ. ಚೌಕದಲ್ಲಿ ಗೆರೆ ಎಳೆದು 100 ಮನೆ ಮಾಡಿ. ಇಡೀ ಚೌಕ 1, ಹತ್ತು ಮನೆಯ ಪಟ್ಟಿ 0.1, ಒಂದು ಮನೆ 0.01. ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ ಎಂದು 0.3ಕ್ಕಿಂತ 0.25 ಹೆಚ್ಚು ಎನ್ನುವ ಮಕ್ಕಳೇ ಬಹಳ. ಅವರಿಂದ ಎರಡಕ್ಕೂ ಬಣ್ಣ ತುಂಬಿಸಿ: ಒಂದರಲ್ಲಿ ಮೂರು ಪಟ್ಟಿ, ಇನ್ನೊಂದರಲ್ಲಿ ಎರಡು ಪಟ್ಟಿ, ಐದು ಮನೆ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪಟ್ಟಿ, ಮನೆಗಳನ್ನು ರಟ್ಟಿನಲ್ಲಿ ಕತ್ತರಿಸಿ ಕೊಟ್ಟರೆ ಕೂಡುವ ಲೆಕ್ಕಕ್ಕೂ ಆಯಿತು. ಹತ್ತು ಮನೆ ಕೊಟ್ಟು ಒಂದು ಪಟ್ಟಿ ಪಡೆಯುವುದೇ ಕೂಡುವಾಗ ಮುಂದಿನ ಸ್ಥಾನಕ್ಕೆ ಒಯ್ಯುವ ದಶಕ.

1 ದಾಟಿದ ಮೇಲೆ ದರ್ಜಿಯ 150 ಸೆಂ.ಮೀ. ಟೇಪು ಹಿಡಿಯಿರಿ, ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ಸಿಗುತ್ತದೆ. 1.35 ಮೀಟರ್ ಎಂದರೆ 135 ಸೆಂ.ಮೀ. ಗೆರೆ. ಇಂಚಿನ ಗುರುತುಗಳ ಮೇಲೆ ಕಾಗದ ಅಂಟಿಸಿ, ಇಲ್ಲದಿದ್ದರೆ ಮಕ್ಕಳು ತಪ್ಪು ಸಾಲು ಓದುತ್ತಾರೆ.